ಜ್ವಾಲಾಮುಖಿ ದ್ವೀಪಗಳ ಪ್ರಾಣಿಗಳಿಗೆ ಮೃಗಾಲಯದಲ್ಲಿ ಮನೆ: ವಿನ್ಯಾಸದ ಹಿನ್ನೆಲೆ ಹಾಗೂ ಸಣ್ಣ ಉದ್ಯಮದ ಪಾತ್ರ

ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯವು 1892ರಲ್ಲಿ ಹತ್ತು ಎಕರೆಗಿಂತ ತುಸು ಹೆಚ್ಚಿನ ಜಾಗದಲ್ಲಿ ಆರಂಭವಾಗಿ ಇಂದು ಸುಮಾರು 157 ಎಕರೆಗೆ ವಿಸ್ತರಿಸಿದೆ. 2021ರ ಸುಮಾರಿಗೆ ಇಲ್ಲಿಗೆ ಜರ್ಮನಿಯಿಂದ ಗೊರಿಲ್ಲಾಗಳೂ ಸಿಂಗಪುರ ಹಾಗೂ ಮಲೇಷ್ಯಾಗಳಿಂದ ಒರಾಂಗುಟಾನ್‌ಗಳೂ ಬಂದವು. ಅವುಗಳಿಗಾಗಿ ಹೊಸ ಆವರಣಗಳು ನಿರ್ಮಾಣಗೊಂಡವು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ವರ್ತಕರು ರಜೆಯ ದಿನಗಳಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ ಇವನ್ನು ನೋಡಿ ಬಂದಿದ್ದಾರೆ. ಆದರೆ ಆ ಆವರಣದ ಹಿಂಬದಿಯ ಬಾಗಿಲನ್ನು ಯಾರು ಮಾಡಿದರು, ಅದರ ಅಗುಳಿ ಎಷ್ಟು ದಪ್ಪ, ನೀರು ಎಲ್ಲಿ ಸೋಸಿ ಬರುತ್ತದೆ ಎಂದು ವಿಚಾರಿಸಿದವರು ವಿರಳ. ಮೃಗಾಲಯದ ವೆಚ್ಚದ ದೊಡ್ಡ ಪಾಲು ಹೋಗುವುದು ನೋಡುಗರ ಕಣ್ಣಿಗೆ ಬೀಳದ ಈ ಹಿಂಬದಿಗೆ. ಪ್ರಾಣಿಯ ಉಳಿವು ಕೂಡ ಅಲ್ಲಿಯೇ ನಿರ್ಧಾರವಾಗುತ್ತದೆ.

ಹಿಂದೆ ಮೃಗಾಲಯಗಳು ಪ್ರಾಣಿಗಳನ್ನು ಜಾತಿವಾರು ಬೋನುಗಳಲ್ಲಿ ಸಾಲಾಗಿ ಇಡುತ್ತಿದ್ದವು. 1907ರಲ್ಲಿ ಜರ್ಮನಿಯ ಹ್ಯಾಂಬರ್ಗ್ ಬಳಿ ಕಾರ್ಲ್ ಹಾಗೆನ್‌ಬೆಕ್ ಎಂಬಾತ ಸರಳುಗಳನ್ನು ತೆಗೆದುಹಾಕಿ, ಕಂದಕಗಳಿಂದ ಬೇರ್ಪಡಿಸಿದ ತೆರೆದ ಆವರಣಗಳ ಮೃಗಾಲಯವನ್ನು ತೆರೆದನು. ಈಚಿನ ದಶಕಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒಂದು ಭೂಪ್ರದೇಶದ ಜೀವಿಗಳನ್ನೆಲ್ಲ ಒಂದೇ ಕಡೆ ತೋರಿಸುವ ಪದ್ಧತಿ ಬಂದಿದೆ. ಅಮೆರಿಕದ ಹ್ಯೂಸ್ಟನ್ ಮೃಗಾಲಯವು 2023ರ ಏಪ್ರಿಲ್‌ನಲ್ಲಿ ತೆರೆದ ಗಲಪಗೋಸ್ ದ್ವೀಪಗಳ ವಿಭಾಗವು ಇದಕ್ಕೆ ಇತ್ತೀಚಿನ ನಿದರ್ಶನ.

ಗಲಪಗೋಸ್ ದ್ವೀಪಸಮೂಹವು ದಕ್ಷಿಣ ಅಮೆರಿಕದ ಎಕ್ವಡಾರ್ ದೇಶದ ಕರಾವಳಿಯಿಂದ ಸುಮಾರು 1,000 ಕಿ.ಮೀ. ದೂರದಲ್ಲಿ, ಸಮುದ್ರತಳದ ಜ್ವಾಲಾಮುಖಿಗಳಿಂದ ಎದ್ದುಬಂದದ್ದು. ಅದು ಎಂದೂ ಖಂಡಕ್ಕೆ ಅಂಟಿಕೊಂಡಿರಲಿಲ್ಲವಾದ ಕಾರಣ, ತೇಲಿಯೋ ಹಾರಿಯೋ ಬಂದ ಕೆಲವೇ ಜೀವಿಗಳು ಅಲ್ಲಿ ನೆಲೆನಿಂತು ಬೇರೆಲ್ಲಿಯೂ ಕಾಣದ ರೂಪ ಪಡೆದವು. 1835ರಲ್ಲಿ ಚಾರ್ಲ್ಸ್ ಡಾರ್ವಿನ್ ಅಲ್ಲಿ ಕಳೆದದ್ದು ಐದು ವಾರ ಮಾತ್ರ. ತಿಮಿಂಗಿಲ ಬೇಟೆಯ ಹಡಗಿನವರು ಅಲ್ಲಿನ ದೈತ್ಯ ಆಮೆಗಳನ್ನು ಸರಕಿನಂತೆ ಹಡಗಿನ ತಳದಲ್ಲಿ ಪೇರಿಸಿ ಒಯ್ಯುತ್ತಿದ್ದರು. ಆಹಾರ ನೀರುಗಳಿಲ್ಲದೆ ತಿಂಗಳುಗಟ್ಟಲೆ ಬದುಕುವ ಗುಣವೇ ಅವಕ್ಕೆ ಮುಳುವಾಯಿತು. ಪಿಂಟಾ ದ್ವೀಪದ ಕೊನೆಯ ಆಮೆ 2012ರಲ್ಲಿ ಸತ್ತಿತು.

ಜ್ವಾಲಾಮುಖಿ ದ್ವೀಪಗಳು ಭಾರತಕ್ಕೆ ಅಪರಿಚಿತವೇನಲ್ಲ. ಅಂಡಮಾನಿನ ಬ್ಯಾರನ್ ದ್ವೀಪವು ದೇಶದ ಏಕೈಕ ಜೀವಂತ ಜ್ವಾಲಾಮುಖಿ. ಅದರ ನೆರೆಯ ನಾರ್ಕೊಂಡಮ್ ದ್ವೀಪದ ವಿಸ್ತೀರ್ಣ 7 ಚದರ ಕಿ.ಮೀ. ಕೂಡ ಇಲ್ಲ, ಅಲ್ಲಿನ ಮಂಗಟ್ಟೆ ಹಕ್ಕಿ ಜಗತ್ತಿನ ಬೇರೆಲ್ಲೂ ಸಿಗದು. ಇಂಡೊನೇಷ್ಯಾದ ಸುಮಾತ್ರಾ ದ್ವೀಪದ ತೋಬಾ ಜ್ವಾಲಾಮುಖಿ ಸುಮಾರು 74,000 ವರ್ಷಗಳ ಹಿಂದೆ ಸಿಡಿದಾಗ ಹಾರಿದ ಬೂದಿಯ ಪದರ ಇಂದಿಗೂ ಆಂಧ್ರದ ಕರ್ನೂಲು ಸೀಮೆಯ ಜ್ವಾಲಾಪುರದಲ್ಲಿ ಕಾಣಸಿಗುತ್ತದೆ. ಮೈಸೂರಿನ ಒರಾಂಗುಟಾನ್‌ಗಳ ಕುಲವು ಸುಮಾತ್ರಾ ಮತ್ತು ಬೋರ್ನಿಯೊ ಕಾಡುಗಳದ್ದು. ಬೋರ್ನಿಯೊ ಜ್ವಾಲಾಮುಖಿಗಳ ಸಾಲಿಗೆ ಸೇರದಿದ್ದರೂ ಸುಮಾತ್ರಾ ಸೇರುತ್ತದೆ. ಆದ್ದರಿಂದ ಈ ಬಗೆಯ ಪ್ರದರ್ಶನಾಂಗಣಕ್ಕೆ ಹತ್ತಿರದ ಉದಾಹರಣೆಯನ್ನು ಮೈಸೂರಿನಲ್ಲಿಯೇ ನೋಡಬಹುದು.

ಮೊದಲು ಪ್ರಾಣಿ, ಆಮೇಲೆ ಬಂಡೆ

ಇಂಥ ಅಂಗಣದ ನಕ್ಷೆ ಬರೆಯುವವರು ಮೊದಲು ಯೋಚಿಸುವುದು ಕಪ್ಪು ಬಂಡೆಗಳ ಬಗ್ಗೆಯಲ್ಲ. ಯಾವ ಪ್ರಾಣಿ ಸಿಗುತ್ತದೆ, ಅದನ್ನು ಸಾಕಲು ಸಾಧ್ಯವೇ ಎಂಬುದೇ ಮೊದಲ ಪ್ರಶ್ನೆ. ಗಲಪಗೋಸ್‌ನ ದೈತ್ಯ ಆಮೆಯು ಅಂತಾರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಅತಿ ಕಟ್ಟುನಿಟ್ಟಿನ ಮೊದಲ ಪಟ್ಟಿಯಲ್ಲಿದೆ. ಅಲ್ಲಿನ ಪೆಂಗ್ವಿನ್ ಮೃಗಾಲಯಗಳಿಗೆ ದೊರೆಯುವ ಹಕ್ಕಿಯಲ್ಲ. ಹ್ಯೂಸ್ಟನ್‌ನವರು ಅದರ ಹತ್ತಿರದ ಬಂಧುವಾದ, ಪೆರು ಮತ್ತು ಚಿಲಿ ಕರಾವಳಿಯ ಹಂಬೋಲ್ಟ್ ಪೆಂಗ್ವಿನ್ನನ್ನು ಇಟ್ಟರು. ಇದು ನೋಡುಗರಿಗೆ ಮಾಡಿದ ಮೋಸವಲ್ಲ. ಫಲಕದಲ್ಲಿ ನಿಜವನ್ನು ಬರೆದರೆ ಸಾಕು. ನಮ್ಮ ದೇಶದಲ್ಲಿ ಇದಕ್ಕೆ ಇನ್ನೊಂದು ಕಟ್ಟುಪಾಡೂ ಇದೆ. ವನ್ಯಜೀವಿ ಸಂರಕ್ಷಣಾ ಕಾಯಿದೆ 1972ರ ಅನ್ವಯ, ಕೇಂದ್ರ ಮೃಗಾಲಯ ಪ್ರಾಧಿಕಾರದ ಮಾನ್ಯತೆಯಿಲ್ಲದೆ ಯಾವ ಮೃಗಾಲಯವೂ ನಡೆಯುವಂತಿಲ್ಲ.

ಎರಡನೆಯದು ಹವೆ. ಗಲಪಗೋಸ್ ಭೂಮಧ್ಯರೇಖೆಯ ಮೇಲೆಯೇ ಇದ್ದರೂ ತಣ್ಣನೆಯ ಸಾಗರ ಪ್ರವಾಹದಿಂದಾಗಿ ಅಲ್ಲಿ ಸೆಕೆ ಕಡಿಮೆ. ಕೆಳಗಿನ ನೆಲ ಒಣಗಿ ಪಾಪಾಸುಕಳ್ಳಿ ಬೆಳೆದಿದ್ದರೆ ಮೇಲಿನ ಗುಡ್ಡಗಳು ಮಂಜಿನಿಂದ ಹಸಿರಾಗಿರುತ್ತವೆ. ಹಸಿರು ಗುಡ್ಡದ ಆಮೆಯ ಚಿಪ್ಪು ಗುಮ್ಮಟದಂತಿದ್ದರೆ, ಒಣ ದ್ವೀಪದ ಆಮೆಯದು ಕುದುರೆಯ ಜೀನಿನಂತೆ ಮುಂದೆ ಎತ್ತಿಕೊಂಡಿರುತ್ತದೆ. ಕತ್ತು ಚಾಚಿ ಎತ್ತರದ ಕಳ್ಳಿಯನ್ನು ಮೇಯಲು ಅದು ಅನುಕೂಲ. ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿರುವ ಮೈಸೂರಿನ ಹವೆ ಆಮೆಗೆ ಬಹುಮಟ್ಟಿಗೆ ಒಗ್ಗುವಂಥದು. ನೆರಳು, ಹೊರಳಾಡಲು ಕೆಸರಿನ ಗುಂಡಿ, ಚಳಿಗಾಲದ ರಾತ್ರಿಗೆ ಬೆಚ್ಚನೆಯ ಕೊಠಡಿ ಇದ್ದರೆ ಹೆಚ್ಚೇನೂ ಬೇಕಿಲ್ಲ. ಪೆಂಗ್ವಿನ್ನಿನ ಮಾತು ಬೇರೆ. ಮುಂಬಯಿಯ ಭಾಯಖಳಾ ಮೃಗಾಲಯಕ್ಕೆ 2016ರಲ್ಲಿ ದಕ್ಷಿಣ ಕೊರಿಯಾದಿಂದ ಎಂಟು ಹಂಬೋಲ್ಟ್ ಪೆಂಗ್ವಿನ್‌ಗಳು ಬಂದವು. ಅದೇ ವರ್ಷ ಒಂದು ಸತ್ತಿತು. ಗಾಜಿನ ಹಿಂದೆ ಹಗಲಿರುಳೂ ತಂಪು ಗಾಳಿ, ತಂಪು ನೀರು, ಸೋಸುವ ಯಂತ್ರಗಳು ನಡೆಯಲೇಬೇಕಾದ ಆ ವಿಭಾಗದ ನಿರ್ವಹಣಾ ವೆಚ್ಚವು ಮುಂದೆ ನಗರದ ರಾಜಕೀಯದಲ್ಲಿ ವಾದದ ವಿಷಯವಾಯಿತು. ಕಟ್ಟುವ ಹಣವನ್ನು ಒಮ್ಮೆ ಹೊಂದಿಸಬಹುದು. ವಿದ್ಯುತ್ ಬಿಲ್ಲು ಪ್ರತಿ ತಿಂಗಳೂ ಬರುತ್ತದೆ ಎಂಬುದನ್ನು ಕಾರ್ಖಾನೆ ನಡೆಸುವವರಿಗೆ ವಿವರಿಸಬೇಕಾಗಿಲ್ಲ.

ಹೀಗಾಗಿ ದಕ್ಷಿಣ ಕರ್ನಾಟಕದಂಥ ಕಡೆ ಆಮೆ, ಉಡದ ಜಾತಿ, ಹಕ್ಕಿ ಅಥವಾ ವಾನರಗಳನ್ನು ಆಧರಿಸಿದ ದ್ವೀಪಾಂಗಣವೇ ವಿವೇಕದ ಆಯ್ಕೆ.

ಆಮೆಯ ಗೋಡೆಗೆ ಎತ್ತರ ಬೇಡ, ತೂಕ ಬೇಕು. 200 ಕಿಲೋಗೂ ಹೆಚ್ಚು ತೂಗುವ ಗಂಡು ಆಮೆ ತಂತಿಬೇಲಿಯ ಆಚೆಗೆ ಹಸಿರು ಕಂಡರೆ ಬೇಲಿಯನ್ನೇ ದಬ್ಬಿಕೊಂಡು ಹೋಗುತ್ತದೆ. ಆಚೆಗೆ ಏನೂ ಕಾಣದಂಥ ಮೋಟುಗೋಡೆಯಾದರೆ ಸುಮ್ಮನೆ ತಿರುಗಿ ಹೋಗುತ್ತದೆ. ಜ್ವಾಲಾಮುಖಿಯ ಬಂಡೆಯನ್ನು ತೋರಿಸಲು ಸಾಮಾನ್ಯವಾಗಿ ಕಬ್ಬಿಣದ ಸರಳುಗಳ ಹಂದರಕ್ಕೆ ಜಾಲರಿ ಬಿಗಿದು, ಸಿಮೆಂಟ್ ಗಾರೆ ಎರಚಿ, ಕೈಯಿಂದ ಬಿರುಕು ಉಬ್ಬುಗಳನ್ನು ತಿದ್ದುತ್ತಾರೆ. ಇಲ್ಲಿ ಎರಡು ತಪ್ಪುಗಳು ಸುಲಭವಾಗಿ ಆಗುತ್ತವೆ. ಮೇಲೆ ಕಪ್ಪು ಬಣ್ಣ ಬಳಿದರೆ ಅದು ಎರಡು ಮಳೆಗಾಲಕ್ಕೆ ಸಿಪ್ಪೆಯೆದ್ದು ಪ್ರಾಣಿಯ ಬಾಯಿಗೆ ಹೋಗುತ್ತದೆ. ಬಣ್ಣವನ್ನು ಗಾರೆಯಲ್ಲಿಯೇ ಬೆರೆಸಬೇಕು. ಜೊತೆಗೆ ಏಪ್ರಿಲ್ ಬಿಸಿಲಿಗೆ ಕಪ್ಪು ಮೈ ಕಾವಲಿಯಂತೆ ಕಾಯುವುದರಿಂದ ಪ್ರಾಣಿ ನಡೆದಾಡುವ ಕಡೆ ಮಣ್ಣು, ಮರಳು, ನೆರಳು ಇರಲೇಬೇಕು. ನಿಜವಾದ ಕಲ್ಲೇ ಬೇಕೆಂದರೂ ಕರ್ನಾಟಕದಲ್ಲಿ ಅದಕ್ಕೆ ಕೊರತೆಯಿಲ್ಲ. ವಿಜಯಪುರ, ಬೆಳಗಾವಿ, ಕಲಬುರಗಿ ಕಡೆಯ ಕಪ್ಪು ಬಂಡೆ ಸುಮಾರು 6.6 ಕೋಟಿ ವರ್ಷಗಳ ಹಿಂದಿನ ಲಾವಾ. ಚಾಮರಾಜನಗರ ಸೀಮೆಯ, ಮಾರುಕಟ್ಟೆಯಲ್ಲಿ ಕರಿ ಗ್ರಾನೈಟ್ ಎನಿಸಿಕೊಳ್ಳುವ ಕಲ್ಲೂ ಕರಗಿದ ಶಿಲಾರಸ ನೆಲದ ಬಿರುಕಿನಲ್ಲಿ ಹೆಪ್ಪುಗಟ್ಟಿ ಆದದ್ದೇ.

ಬಾಗಿಲಿನ ವಿಚಾರವನ್ನು ತುಸು ವಿಸ್ತರಿಸುವುದು ಅವಶ್ಯ. ಅಮೆರಿಕದ ಒಮಾಹಾ ಮೃಗಾಲಯದಲ್ಲಿ 1968ರಲ್ಲಿ ಫೂ ಮಂಚು ಎಂಬ ಒರಾಂಗುಟಾನ್ ಪದೇ ಪದೇ ಹೊರಬರುತ್ತಿತ್ತು. ಕಾವಲುಗಾರರನ್ನು ದೂರಲಾಯಿತು. ಕೊನೆಗೆ ತಿಳಿದದ್ದು, ಅದು ಒಂದು ತುಂಡು ತಂತಿಯನ್ನು ತುಟಿ ಒಸಡುಗಳ ನಡುವೆ ಬಚ್ಚಿಟ್ಟುಕೊಂಡು ಅದರಿಂದ ಬಾಗಿಲಿನ ಬೀಗ ತೆಗೆಯುತ್ತಿತ್ತು! ವೆಲ್ಡಿಂಗ್ ಶೆಡ್ಡಿನವರಿಗೆ ಈ ಕಥೆಯಲ್ಲಿ ಪಾಠವಿದೆ. ಒಳಗಿನಿಂದ ಕೈಗೆಟಕುವ ಬೋಲ್ಟು, ಸಡಿಲ ನಟ್ಟು, ಬೆಸುಗೆಯ ನಂತರ ಉಳಿದ ತಂತಿಯ ತುದಿ ಯಾವುದೂ ಇರಕೂಡದು. ಜಾರುಬಾಗಿಲನ್ನು ಸಿಬ್ಬಂದಿಯು ಹೊರಗಿನ ಓಣಿಯಲ್ಲಿ ನಿಂತು ಸರಪಳಿ ಅಥವಾ ಸರಳಿನಿಂದ ಎಳೆಯುವಂತಿರಬೇಕು; ಪ್ರಾಣಿ ಎಲ್ಲಿದೆಯೆಂದು ಆತನಿಗೆ ಅಲ್ಲಿಂದಲೇ ಕಾಣಬೇಕು. ಒಂದು ಬಾಗಿಲು ಮುಚ್ಚದೆ ಮತ್ತೊಂದು ತೆರೆಯದಂಥ ಜೋಡಿ ವ್ಯವಸ್ಥೆ ಬೇಕು. ಸೀಸದ ಬಣ್ಣ ಸಲ್ಲದು. ಸತುವಿನ ಲೇಪದ ಚಕ್ಕೆಗಳು, ಹೊಳೆಯುವ ಲೋಹದ ಚೂರುಗಳು ಹಕ್ಕಿಗಳ ಹೊಟ್ಟೆ ಸೇರಿದರೆ ವಿಷ. ಮನೆಯ ಗೇಟಿನಲ್ಲಿ ಕಣ್ಣಿಗೆ ಬೀಳದ ಈ ಕುಂದುಗಳು ಇಲ್ಲಿ ಪ್ರಾಣಿಯ ಇಲ್ಲವೇ ಕಾವಲುಗಾರನ ಜೀವಕ್ಕೆ ಎರವಾಗುತ್ತವೆ.

ನಾಲ್ಕು ತಾಲ್ಲೂಕುಗಳಿಗೆ ಇದರಲ್ಲಿ ಏನಿದೆ?

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳು ವರ್ಜೀನಿಯಾ ತಂಬಾಕಿನ ಸೀಮೆ. ಕೃಷ್ಣರಾಜನಗರ ಭತ್ತದ ಸೀಮೆ. ತಂಬಾಕಿನ ಬೆಳೆ ಪ್ರಮಾಣವನ್ನು ಮಂಡಳಿಯು ವರ್ಷ ವರ್ಷ ನಿಗದಿಪಡಿಸುತ್ತದೆ. ಹರಾಜು ಕುಸಿದ ವರ್ಷ ಊರಿನ ಅಂಗಡಿ, ಗ್ಯಾರೇಜು, ತಗಡಿನ ಕೆಲಸಗಳೆಲ್ಲ ಅದರೊಂದಿಗೇ ಕುಸಿಯುತ್ತವೆ. ಒಂದು ಮೃಗಾಲಯದ ಆವರಣ ಇದಕ್ಕೆ ಪರಿಹಾರವೆಂದು ಹೇಳಿದರೆ ಅತಿಶಯೋಕ್ತಿಯಾದೀತು. ಆದರೆ ಬ್ಯಾರನ್‌ಗಳಿಗೆ ಹೊಗೆಕೊಳವೆ, ಕುಲುಮೆಯ ಬಾಗಿಲು ಮಾಡಿಕೊಡುವ ಕೈಗಳು ಅಳತೆ ತಪ್ಪದೆ ಜಾರುಬಾಗಿಲನ್ನೂ ಮಾಡಬಲ್ಲವು. ಹಾಗೆ ಮಾಡಿದ ಕೆಲಸ ಇತರ ಮೃಗಾಲಯಗಳಿಗೂ ಕಬಿನಿ ಕಡೆಯ ವಿಹಾರಧಾಮಗಳಿಗೂ ತೋರಿಸಬಹುದಾದ ಮಾದರಿಯಾಗುತ್ತದೆ.

ಹತ್ತಲು ಬೇಕಾದ ಮರದ ದಿಮ್ಮಿ, ಬಿದಿರು, ತೆಂಗಿನ ನಾರಿನ ಹಗ್ಗ, ಹಾಸಲು ಭತ್ತದ ಹುಲ್ಲು, ಹಸಿಮೇವು, ಬಾಳೆ, ತರಕಾರಿ ಇವೆಲ್ಲ ಮೈಸೂರಿನಿಂದ 40ರಿಂದ 70 ಕಿ.ಮೀ. ದೂರದ ಈ ತಾಲ್ಲೂಕುಗಳಲ್ಲಿ ಸಿಗುವ ಸರಕು. ಇಲ್ಲಿಯೂ ಷರತ್ತುಗಳಿವೆ. ಗೆದ್ದಲು ಬಾರದಂತೆ ರಾಸಾಯನಿಕ ಉಣಿಸಿದ ಮರ ಪ್ರಾಣಿಗಳು ಕಚ್ಚುವ ಕಡೆಗೆ ಆಗದು. ಎಳೆ ಬಿಚ್ಚುವ ನೈಲಾನ್ ಹಗ್ಗ ಬೆರಳಿಗೆ ಸುತ್ತಿಕೊಳ್ಳುತ್ತದೆ. ನಾರಿನ ಹಗ್ಗ ಬೇಗ ಸವೆಯುವುದರಿಂದ ಆಗಾಗ್ಗೆ ಬದಲಿಸಬೇಕು. ವರ್ತಕನಿಗೆ ಇದು ನಷ್ಟವಲ್ಲ, ಮರುಕಳಿಸುವ ಬೇಡಿಕೆ. ತಂಬಾಕಿನ ಹೊಲದ ಬದುವಿನಲ್ಲಿ ಬೆಳೆದ ಹುಲ್ಲಿಗೆ ಔಷಧಿಯ ಸಿಂಪಡಣೆ ಗಾಳಿಯಲ್ಲಿ ಬಂದು ಕೂತಿರುವ ಸಂಭವವಿರುವ ಕಾರಣ ಮೇವಿನ ಜಮೀನು ಪ್ರತ್ಯೇಕವಾಗಿರುವುದು ಲೇಸು.

ಸರ್ಕಾರಿ ಅಧೀನದ ಮೃಗಾಲಯಗಳ ಖರೀದಿಯು ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆಯ ಕಾಯಿದೆ 1999ರ ಚೌಕಟ್ಟಿನಲ್ಲಿ, ಟೆಂಡರ್ ಮೂಲಕ ನಡೆಯುತ್ತದೆ. ಕಾಮಗಾರಿಯನ್ನು ಒಟ್ಟಾಗಿ ದೊಡ್ಡ ಗುತ್ತಿಗೆದಾರನಿಗೆ ವಹಿಸಿದಾಗ ತಾಲ್ಲೂಕಿನ ಘಟಕಕ್ಕೆ ಉಪಗುತ್ತಿಗೆಯಷ್ಟೇ ಉಳಿಯುತ್ತದೆ, ಹಣವೂ ತಡವಾಗಿ ಕೈಸೇರುತ್ತದೆ. ಇದಕ್ಕೆ ರಕ್ಷಣೆ ಇಲ್ಲದಿಲ್ಲ. ಉದ್ಯಮ್ ನೋಂದಣಿ ಪಡೆದ ಸಣ್ಣ ಉತ್ಪಾದಕನಿಗೆ 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯಿದೆಯಂತೆ, ಮಾಲು ಸ್ವೀಕೃತವಾದ 45 ದಿನಗಳೊಳಗೆ ಹಣ ಸಲ್ಲಬೇಕು. ತಪ್ಪಿದರೆ ಬಡ್ಡಿಯನ್ನು ಕೇಳುವ ಹಕ್ಕಿದೆ. ಆದ ಕಾರಣ ಮಾಲು ತಲುಪಿಸಿದ ದಿನವೇ ಸ್ವೀಕೃತಿಯನ್ನು ಬರಹದಲ್ಲಿ ಪಡೆಯುವ ಅಭ್ಯಾಸ ಒಳ್ಳೆಯದು.

ಹಣದ ಮೂಲದ ವಿಚಾರ. ಮೈಸೂರು ಮೃಗಾಲಯದ ಮುಖ್ಯ ಆದಾಯ ಪ್ರವೇಶ ಶುಲ್ಕ. 2020ರ ಲಾಕ್‌ಡೌನ್‌ನಲ್ಲಿ ಬಾಗಿಲು ಮುಚ್ಚಿದಾಗ ಆ ಆದಾಯ ನಿಂತಿತು, ಮೇವಿನ ಖರ್ಚು ನಿಲ್ಲಲಿಲ್ಲ. ದಾನಿಗಳು ಮುಂದೆ ಬಂದರು. 2001ರಿಂದ ಅಲ್ಲಿ ಪ್ರಾಣಿ ದತ್ತು ಯೋಜನೆಯಿದೆ. ಗೊರಿಲ್ಲಾ ಆವರಣಕ್ಕೆ ಇನ್ಫೋಸಿಸ್ ಪ್ರತಿಷ್ಠಾನ ನೆರವಾಯಿತು. 2013ರ ಕಂಪನಿ ಕಾಯಿದೆಯು ದೊಡ್ಡ ಕಂಪನಿಗಳಿಗೆ ವಿಧಿಸಿರುವ ಶೇ. 2ರ ಸಾಮಾಜಿಕ ಹೊಣೆಯ ವೆಚ್ಚದಲ್ಲಿ ಪ್ರಾಣಿ ಕಲ್ಯಾಣವೂ ಸೇರಿದೆ. ಆದರೆ ದಾನಿಯ ಹೆಸರಿನ ಫಲಕ ಕಟ್ಟಡದ ಮುಂಭಾಗಕ್ಕೆ ಬೀಳುತ್ತದೆ. ಐದು ವರ್ಷಗಳ ನಂತರ ಪಂಪು ಕೆಟ್ಟಾಗ, ಬಾಗಿಲಿನ ಚಕ್ರ ಸವೆದಾಗ ಬೇಕಾಗುವ ಹಣಕ್ಕೆ ದಾನಿಗಳು ಸಿಗುವುದು ಕಷ್ಟ. ಆದ್ದರಿಂದ ದರ ಸೂಚಿಸುವ ಘಟಕವು ಬಾಗಿಲಿನ ಬೆಲೆಯ ಜೊತೆಗೆ ಬಿಡಿಭಾಗಗಳ ಬೆಲೆಯನ್ನೂ ವಾರ್ಷಿಕ ತಪಾಸಣೆಯ ದರವನ್ನೂ ಅದೇ ಪತ್ರದಲ್ಲಿ ಬರೆದುಕೊಡಬೇಕು. ದೂರದ ಊರಿನ ಗುತ್ತಿಗೆದಾರ ಚಕ್ರವೊಂದನ್ನು ಬದಲಿಸಲು ವಾರ ತೆಗೆದುಕೊಂಡರೆ ಹುಣಸೂರಿನ ಶೆಡ್ಡಿನವನು ಅದೇ ದಿನ ಸಂಜೆಯೊಳಗೆ, ಪ್ರಾಣಿಯನ್ನು ಒಳಕೋಣೆಗೆ ಸೇರಿಸುವ ಹೊತ್ತಿಗೆ ಮುನ್ನ, ಬಂದು ಮುಟ್ಟಬಲ್ಲನು.