ಪುಟ್ಟ ಕ್ಯಾಮೆರಾಕ್ಕೆ ಯಾವ ಪರಿಕರ?

ಬೆಂಗಳೂರಿನಿಂದ ತುಮಕೂರು ರಸ್ತೆಯಲ್ಲಿ ಹೊರಟವರಿಗೆ ನೆಲಮಂಗಲಕ್ಕೆ ಮುನ್ನ ಸಿಕ್ಕುವ ಊರು ಅರಿಶಿನಕುಂಟೆ. ಕುಂಟೆಯೆಂದರೆ ಚಿಕ್ಕ ಕೆರೆ. ನೀರಿನಿಂದ ಹೆಸರು ಪಡೆದ ಇಂಥ ಊರುಗಳು ನಮ್ಮ ಬಯಲುಸೀಮೆಯಲ್ಲಿ ಹಲವು. ಈಗ ಈ ಹೆದ್ದಾರಿಯ ಎರಡು ಮಗ್ಗುಲಲ್ಲಿಯೂ ಹೊಲಗಳಿದ್ದೆಡೆ ಉಗ್ರಾಣಗಳೂ ಬಡಾವಣೆಗಳೂ ಏಳುತ್ತಿವೆ. ಇಂಥ ಕಡೆ ಒಂದು ಹೊಲವನ್ನೋ ಕೆರೆಯನ್ನೋ ಆರಿಸಿಕೊಂಡು, ಒಂದೇ ಜಾಗದಲ್ಲಿ ನಿಂತು ತಿಂಗಳಿಗೊಮ್ಮೆ ಚಿತ್ರ ತೆಗೆದರೆ, ವರ್ಷದ ಕೊನೆಗೆ ಬೆಲೆಯುಳ್ಳ ದಾಖಲೆಯೊಂದು ಸಿದ್ಧವಾಗುತ್ತದೆ. ಉಗ್ರಾಣ ಎದ್ದ ಮೇಲೆ ಹೊಲದ ಚಿತ್ರವನ್ನು ತೆಗೆಯಲು ಬಾರದು. ಈ ಕೆಲಸಕ್ಕೆ ದೊಡ್ಡ ಯಂತ್ರ ಬೇಕಿಲ್ಲ; ಜೇಬಿನಲ್ಲಿ ಹಿಡಿಸುವ ಡಿಜಿಟಲ್ ಕ್ಯಾಮೆರಾ ಸಾಕು. ಮೊಬೈಲ್ ಫೋನು ಬಂದಮೇಲೆ ಅನೇಕ ಮನೆಗಳ ಬೀರುವಿನಲ್ಲಿ ಅಂಥದೊಂದು ಸುಮ್ಮನೆ ಬಿದ್ದಿರುತ್ತದೆ. ಆದರೆ ಅದರ ಜೊತೆಗೆ ಕೊಳ್ಳಬೇಕಾದುದೇನು? ವಿದ್ಯಾರ್ಥಿಯ ಕೈಯಲ್ಲಿರುವ ಹಣ ಅಲ್ಪ. ಅಂಗಡಿಯ ಆಮಿಷಗಳು ಅನೇಕ.

ಮೊದಲು ಈ ಯಂತ್ರದ ಕೊರತೆಯೇನೆಂಬುದನ್ನು ತಿಳಿಯೋಣ. ಮಸೂರವು ಮೂಡಿಸಿದ ಬಿಂಬವನ್ನು ಹಿಂದೆ ಫಿಲ್ಮು ಹಿಡಿಯುತ್ತಿತ್ತು. ಈಗ ಸಿಲಿಕಾನಿನ ಸಂವೇದಕವು ಹಿಡಿಯುತ್ತದೆ. 35 ಮಿ.ಮೀ. ಫಿಲ್ಮಿನ ಚಿತ್ರವೊಂದರ ಅಳತೆ 36 ಮಿ.ಮೀ.ಗೆ 24 ಮಿ.ಮೀ. ಪುಟ್ಟ ಕ್ಯಾಮೆರಾಗಳಲ್ಲಿ ಬಹುಪಾಲಿನವುಗಳ ಸಂವೇದಕವಾದರೋ ಸುಮಾರು 6.2 ಮಿ.ಮೀ.ಗೆ 4.6 ಮಿ.ಮೀ. ಗುಣಿಸಿ ನೋಡಿದರೆ ವಿಸ್ತೀರ್ಣವು 1/30 ಭಾಗದಷ್ಟು. ಮಳೆಯಲ್ಲಿ ಹರಿವಾಣವನ್ನಿಟ್ಟರೂ ಬಟ್ಟಲನ್ನಿಟ್ಟರೂ ಬೀಳುವ ಮಳೆ ಒಂದೇ. ಕೂಡುವ ನೀರು ಮಾತ್ರ ಒಂದೇ ಅಲ್ಲ. ಬೆಳಕಿನ ವಿಷಯವೂ ಹಾಗೆಯೇ. ನಡುಹಗಲಿನ ಬಿಸಿಲಿನಲ್ಲಿ ಈ ಕೊರತೆ ಕಾಣದು. ಮುಸ್ಸಂಜೆಯಲ್ಲಿ ತೆಗೆದ ಚಿತ್ರದ ಮೇಲೆ ಮರಳು ಚೆಲ್ಲಿದಂತೆ ಚುಕ್ಕೆಗಳು ತೋರಿದರೆ ಅದೇ ಅದರ ಗುರುತು. ಆದುದರಿಂದ ಯಾವುದೇ ಪರಿಕರವನ್ನು ಕೊಳ್ಳುವ ಮುನ್ನ ಕೇಳತಕ್ಕ ಪ್ರಶ್ನೆಯೆಂದರೆ, ಇದರಿಂದ ಬೆಳಕಿನ ಬಡತನ ನೀಗುವುದೇ ಎಂಬುದು.

ಷಟರ್ ಹೆಚ್ಚು ಹೊತ್ತು ತೆರೆದಿದ್ದರೆ ಹೆಚ್ಚು ಬೆಳಕು ಕೂಡುತ್ತದೆ. ಆದರೆ ಅಷ್ಟು ಹೊತ್ತು ನಮ್ಮ ಕೈ ಅಲುಗದೆ ನಿಲ್ಲದು. 35 ಮಿ.ಮೀ. ಕ್ಯಾಮೆರಾಕ್ಕೆ ಸಮನಾಗಿ ಎಣಿಸಿದ ಸಂಗಮದೂರ 28 ಮಿ.ಮೀ. ಇದ್ದಾಗ ಸೆಕೆಂಡಿನ 1/30 ಭಾಗದವರೆಗೆ ಕೈಯನ್ನು ನಂಬಬಹುದೆಂದು ರೂಢಿಯ ಲೆಕ್ಕ. ಜೂಮನ್ನು ಎಳೆದು 280 ಮಿ.ಮೀ. ಮಾಡಿದರೆ 1/300 ಭಾಗಕ್ಕಿಂತ ಹೆಚ್ಚು ನಂಬಲಾಗದು. ಕ್ಯಾಮೆರಾದೊಳಗಿನ ಕಂಪನನಿವಾರಕವು ಈ ಮಿತಿಯನ್ನು ಸ್ವಲ್ಪ ಹಿಗ್ಗಿಸೀತು, ಅಷ್ಟೆ. ಆದಕಾರಣ ಮೊದಲ ಹಣ ಸಲ್ಲಬೇಕಾದುದು ಮುಕ್ಕಾಲಿಗೆ, ಅಂದರೆ ಟ್ರೈಪಾಡಿಗೆ. ಕ್ಯಾಮೆರಾದ ತಳದಲ್ಲಿರುವ ತಿರುಪಿನ ರಂಧ್ರವು ಸಾಮಾನ್ಯವಾಗಿ ಕಾಲು ಅಂಗುಲದ್ದು. ಯಾವ ತಯಾರಕರ ಮುಕ್ಕಾಲಿಯಾದರೂ ಹೊಂದುತ್ತದೆ. ತೀರ ಹಗುರವಾದುದು ಆಷಾಢದ ಗಾಳಿಗೆ ನಡುಗುತ್ತದೆ. ನಡುಗಂಬಕ್ಕೆ ಕಲ್ಲು ತುಂಬಿದ ಚೀಲವನ್ನು ತೂಗುಹಾಕಿದರೆ ನಿಲ್ಲುತ್ತದೆ. ಗುಂಡಿಯನ್ನೊತ್ತುವ ಬೆರಳೂ ಯಂತ್ರವನ್ನು ಅಲುಗಿಸುವುದರಿಂದ, ಎರಡು ಸೆಕೆಂಡು ತಡೆದು ಚಿತ್ರ ತೆಗೆಯುವ ಟೈಮರನ್ನು ಬಳಸುವುದು ಲೇಸು. ಅದಕ್ಕೆ ಖರ್ಚೇ ಇಲ್ಲ.

ಮುಕ್ಕಾಲಿಗೂ ಹಣವಿಲ್ಲದವರಿಗೆ ರಾಗಿಯುಂಟು! ಬಟ್ಟೆಯ ಚೀಲವೊಂದರ ಮುಕ್ಕಾಲು ಭಾಗಕ್ಕೆ ರಾಗಿಯನ್ನು ತುಂಬಿ ಬಾಯಿ ಹೊಲಿದು, ಬದುವಿನ ಕಲ್ಲಿನ ಮೇಲಿಟ್ಟು ಕ್ಯಾಮೆರಾವನ್ನು ಅದರಲ್ಲಿ ಒತ್ತಿ ಕೂರಿಸಿರಿ. ಸಣ್ಣ ಗುಂಡು ಕಾಳುಗಳು ಸರಿದು ಯಂತ್ರವನ್ನು ಎಲ್ಲ ಕಡೆಯಿಂದಲೂ ತಬ್ಬಿ ಹಿಡಿಯುತ್ತವೆ. ನೆಲಮಟ್ಟದ ಹೂವು ಹುಳುಗಳ ಚಿತ್ರಕ್ಕೆ ಇದು ಮುಕ್ಕಾಲಿಗಿಂತಲೂ ಮೇಲೆಂದೇ ನಮ್ಮ ಅಭಿಪ್ರಾಯ.

ಫ್ಲಾಷ್ ದೀಪದ ಮೇಲೆ ಜನರಿಗೆ ಮೋಹ ಹೆಚ್ಚು. ಆದರೆ ದೂರ ಇಮ್ಮಡಿಯಾದರೆ ವಸ್ತುವಿನ ಮೇಲೆ ಬೀಳುವ ಬೆಳಕು ಕಾಲುಭಾಗವಾಗುತ್ತದೆ. ಎರಡು ಮೀಟರಿನಲ್ಲಿ ಸೊಗಸಾಗಿ ಬೆಳಗಿದ ಮುಖಕ್ಕೆ ಎಂಟು ಮೀಟರಿನಲ್ಲಿ ಸಿಕ್ಕುವುದು 1/16 ಪಾಲು. ಸಂಜೆ ಹೊತ್ತಿನಲ್ಲಿ ಶಿವಗಂಗೆಯ ಬೆಟ್ಟದತ್ತ ಫ್ಲಾಷ್ ಮಿನುಗಿಸುವವರನ್ನು ನಾವು ಕಂಡಿದ್ದೇವೆ. ಬೆಟ್ಟ ಬೆಳಗುವುದಿಲ್ಲ, ಬ್ಯಾಟರಿ ಬರಿದಾಗುತ್ತದೆ. ಹತ್ತಿರದ ವಸ್ತುವಿನ ನೆರಳನ್ನು ತಿಳಿಗೊಳಿಸಲು ಬಿಳಿಯ ಥರ್ಮೊಕೋಲ್ ಹಲಗೆಯನ್ನು ಹಿಡಿದು ಬಿಸಿಲನ್ನು ಹೊರಳಿಸಿದರೆ ಸಾಕು.

ಬಣ್ಣದ ಗಾಜುಗಳು ನಿರರ್ಥಕ. ಅವುಗಳ ಕೆಲಸವನ್ನು ಗಣಕಯಂತ್ರವು ಆಮೇಲೆ ಮಾಡಬಲ್ಲುದು. ಧ್ರುವಣಕಾರಿ ಗಾಜೊಂದು ಮಾತ್ರ ಬೇರೆ. ನೀರಿನ ಮೇಲ್ಮೈಯೊಡನೆ ಸುಮಾರು 37 ಡಿಗ್ರಿ ಕೋನದಲ್ಲಿ ಪ್ರತಿಫಲಿಸಿ ಬರುವ ಬೆಳಕು ಒಂದೇ ತಲದಲ್ಲಿ ಕಂಪಿಸುತ್ತದೆ. ಈ ಗಾಜನ್ನು ಮಸೂರದ ಮುಂದೆ ಹಿಡಿದು ಮೆಲ್ಲನೆ ತಿರುಗಿಸಿದರೆ ಆ ಹೊಳಪು ಮಾಯವಾಗಿ ಕೆರೆಯ ತಿಳಿನೀರಿನೊಳಗಿನ ಪಾಚಿ, ಮೀನುಗಳು ಕಾಣಿಸುತ್ತವೆ. ಇದು ಬೆಳಕನ್ನು ಕೂಡಿಸದು, ಅರ್ಧದಷ್ಟನ್ನು ಕಳೆದೇ ಕಳೆಯುತ್ತದೆ. ಆದರೂ ಕೆರೆಯನ್ನು ಆರಿಸಿಕೊಂಡವರಿಗೆ ಕೊಳ್ಳತಕ್ಕದ್ದೇ.

ಉಳಿದವು ಬೇಗ ಮುಗಿಯುವ ಮಾತು. ಎರಡನೆಯ ಬ್ಯಾಟರಿಯೊಂದಿರಲಿ. ಪೆನ್‌ಸೆಲ್ ಬಳಸುವ ಕ್ಯಾಮೆರಾವಾದರೆ 1.2 ವೋಲ್ಟಿನ ನಿಕಲ್-ಮೆಟಲ್ ಹೈಡ್ರೈಡ್ ಕೋಶಗಳನ್ನು ಕೊಳ್ಳಿರಿ. ಅಂಗಡಿಯ 1.5 ವೋಲ್ಟಿನ ಕೋಶಗಳಿಗೆ ಆಂತರಿಕ ರೋಧ ಹೆಚ್ಚಾದುದರಿಂದ, ಹೆಚ್ಚು ವಿದ್ಯುತ್ತನ್ನು ಸೆಳೆದೊಡನೆ ಅವುಗಳ ವೋಲ್ಟೇಜು ಕುಸಿಯುತ್ತದೆ. ನೆನಪಿನ ಕಾರ್ಡನ್ನು ಕೊಳ್ಳುವಾಗ ಕ್ಯಾಮೆರಾದ ವಯಸ್ಸನ್ನು ನೋಡಬೇಕು: ಎಸ್‌ಡಿ ಗುರುತಿನವು 2 ಗಿಗಾಬೈಟ್‌ವರೆಗಿನವು, 2006ರಲ್ಲಿ ಬಂದ ಎಸ್‌ಡಿಎಚ್‌ಸಿ 32ರವರೆಗೆ, 2009ರ ಎಸ್‌ಡಿಎಕ್ಸ್‌ಸಿ ಅದಕ್ಕೂ ಮೇಲೆ. ಹಳೆಯ ಯಂತ್ರವು ಹೊಸ ಬಗೆಯ ಕಾರ್ಡನ್ನು ಓದಲಾರದು. ಹೊಸ ಯಂತ್ರವು ಹಳೆಯದನ್ನು ಓದುತ್ತದೆ. ಮಳೆಗಾಲದಲ್ಲಿ ಕ್ಯಾಮೆರಾವನ್ನು ಚರ್ಮದ ಚೀಲದಲ್ಲಿಡದೆ, ಸಿಲಿಕಾ ಜೆಲ್ ಪೊಟ್ಟಣದೊಡನೆ ಬಿಗಿಮುಚ್ಚಳದ ಡಬ್ಬಿಯಲ್ಲಿಡಿರಿ. ತೇವದಲ್ಲಿ ಮಸೂರಕ್ಕೆ ಬೂಷ್ಟು ಹಿಡಿದರೆ ಅದನ್ನು ತೆಗೆಯುವ ಖರ್ಚು ಕ್ಯಾಮೆರಾದ ಬೆಲೆಯನ್ನೇ ಮೀರಬಹುದು.