ಹುಚ್ಚಾಸ್ಪತ್ರೆ ಊರಿನ ಉದ್ಯಾನವಾದ ಕಥೆ

ಹುಚ್ಚಾಸ್ಪತ್ರೆಯ ಮಾತನ್ನು ನಾವು ಹೆಚ್ಚಾಗಿ ಎತ್ತುವುದು ತಮಾಷೆಗೆ. ಅಲ್ಲಿಗೆ ಹೋಗಿ ಬಂದವರು ನಮ್ಮ ಮನೆಯವರೇ ಆದರೆ ಮಾತ್ರ ಆ ಹೆಸರು ಬಾಯಿಗೆ ಬರುವುದಿಲ್ಲ. ಮದುವೆ ಮಾತುಕತೆಯ ಹೊತ್ತಿಗಂತೂ ಅದನ್ನು ಮುಚ್ಚಿಡುತ್ತೇವೆ. ಇಂಥ ಆಸ್ಪತ್ರೆಯೊಂದನ್ನು ಮುಚ್ಚಿದರೆ ಅದರ ವಠಾರವನ್ನು ಏನು ಮಾಡಬೇಕು? ಇಟಲಿಯ ಟ್ರಿಯೆಸ್ಟ್ ನಗರ ಇದಕ್ಕೆ ಕಂಡುಕೊಂಡ ಉತ್ತರವನ್ನು ನಮ್ಮ ಕುಟುಂಬಗಳೂ ತಿಳಿದರೆ ಒಳ್ಳೆಯದು.

ಟ್ರಿಯೆಸ್ಟ್ ನಮ್ಮ ಊರುಗಳಂತೆಯೇ ಗಡಿನಾಡು. ಅಲ್ಲಿ ಇಟಾಲಿಯನ್ನರ ಜತೆ ಸ್ಲೊವೇನ್ ಭಾಷಿಕರೂ ತಲೆಮಾರುಗಳಿಂದ ಬಾಳಿಕೊಂಡು ಬಂದಿದ್ದಾರೆ. ಆ ನಗರ ಆಸ್ಟ್ರಿಯಾದ ಆಳ್ವಿಕೆಯಲ್ಲಿದ್ದಾಗ, 1908ರಲ್ಲಿ, ಸಾನ್ ಜೊವಾನಿ ಎಂಬಲ್ಲಿನ ಗುಡ್ಡದ ಇಳಿಜಾರಿನಲ್ಲಿ ಮಾನಸಿಕ ಆಸ್ಪತ್ರೆ ತೆರೆಯಿತು. ವಿಶಾಲವಾದ ವಠಾರ, ಮರಗಳ ನೆರಳು, ಅಂದವಾದ ಕಟ್ಟಡಗಳು. ಆದರೆ ಸುತ್ತ ಗೋಡೆ, ಬಾಗಿಲಿಗೆ ಬೀಗ. 1971ರಲ್ಲಿ ಡಾ. ಫ್ರಾಂಕೋ ಬಸಾಲಿಯಾ ನಿರ್ದೇಶಕರಾಗಿ ಬಂದಾಗ ಒಳಗೆ ಸುಮಾರು 1,200 ಮಂದಿ ಇದ್ದರು.

ಅವರು ಕಟ್ಟಡಗಳಿಗಿಂತ ಮೊದಲು ಮನುಷ್ಯರ ಕಡೆ ನೋಡಿದರು. ವಾರ್ಡುಗಳ ಬೀಗ ತೆಗೆಸಿದರು. ಚಿಕಿತ್ಸೆಯ ಹೆಸರಿನಲ್ಲಿ ಸಂಬಳವಿಲ್ಲದೆ ಗುಡಿಸಿ ಒರೆಸುತ್ತಿದ್ದ ರೋಗಿಗಳು ಸಹಕಾರಿ ಸಂಘ ಕಟ್ಟಿಕೊಂಡು ಅದೇ ಕೆಲಸಕ್ಕೆ ಸಂಬಳ ಪಡೆದರು. 1973ರಲ್ಲಿ ರೋಗಿಗಳೂ ಕಲಾವಿದರೂ ಸೇರಿ ಮರ ಮತ್ತು ಕಾಗದದ ದೊಡ್ಡದೊಂದು ನೀಲಿ ಕುದುರೆ ಮಾಡಿದರು. ಆಸ್ಪತ್ರೆಯ ಬಟ್ಟೆಗಾಡಿ ಎಳೆಯುತ್ತಿದ್ದ ಮಾರ್ಕೋ ಎಂಬ ಕುದುರೆಯ ಹೆಸರನ್ನೇ ಅದಕ್ಕಿಟ್ಟರು. ಅದು ಬಾಗಿಲಲ್ಲಿ ಹಿಡಿಸಲಿಲ್ಲ. ಬಾಗಿಲನ್ನೇ ಒಡೆದು ಅದನ್ನು ಹೊರತಂದರು. ಅದರ ಹಿಂದೆ ರೋಗಿಗಳೂ ಮೆರವಣಿಗೆಯಲ್ಲಿ ನಗರದ ಬೀದಿಗಿಳಿದರು.

1978ರಲ್ಲಿ ಇಟಲಿಯ ಸಂಸತ್ತು ಹೊಸ ಹುಚ್ಚಾಸ್ಪತ್ರೆ ಕಟ್ಟಬಾರದು, ಇರುವುದನ್ನು ಕ್ರಮೇಣ ಮುಚ್ಚಬೇಕು ಎಂದು ಕಾನೂನು ಮಾಡಿತು. ಟ್ರಿಯೆಸ್ಟಿನ ಆಸ್ಪತ್ರೆ 1980ರಲ್ಲಿ ಮುಚ್ಚಿತು. ಆ ವಠಾರದಲ್ಲಿ ಈಗ ವಿಶ್ವವಿದ್ಯಾಲಯದ ವಿಭಾಗಗಳು, ಶಾಲೆ, ಆರೋಗ್ಯ ಕಚೇರಿಗಳು, ನಾಟಕಶಾಲೆ, ರೇಡಿಯೋ ಕೇಂದ್ರ ಇವೆ. ಸಾವಿರಾರು ಗುಲಾಬಿ ಗಿಡಗಳ ತೋಟವಿದೆ. ಸಹಕಾರಿ ಸಂಘದವರು ಆರಂಭಿಸಿದ ಹೋಟೆಲೂ ಅಲ್ಲೇ ಬೆಳೆಯಿತು. ಒಂದು ಕಾಲದಲ್ಲಿ ಊರವರು ದೂರವಿಟ್ಟ ಜಾಗಕ್ಕೆ ಇಂದು ಮಕ್ಕಳನ್ನು ಕರೆದುಕೊಂಡು ತಿರುಗಾಡಲು ಬರುತ್ತಾರೆ.

ಇದು ಬರೇ ಬೀಗ ತೆಗೆದುದರಿಂದ ಆದದ್ದಲ್ಲ. ನಗರದ ಬೇರೆ ಬೇರೆ ಕಡೆ ಹಗಲೂ ರಾತ್ರಿಯೂ ತೆರೆದಿರುವ ಮಾನಸಿಕ ಆರೋಗ್ಯ ಕೇಂದ್ರಗಳನ್ನು ಸ್ಥಾಪಿಸಿದರು. ಹೊರಬಂದವರಿಗೆ ಮನೆ ಹುಡುಕಿಕೊಟ್ಟರು. ಇಟಲಿಯಲ್ಲೇ ಇಂಥ ಏರ್ಪಾಡು ತಡವಾದ ಕಡೆಗಳಲ್ಲಿ ಭಾರವೆಲ್ಲ ಮನೆಯವರ ಹೆಗಲ ಮೇಲೆ, ಮುಖ್ಯವಾಗಿ ತಾಯಂದಿರ ಮೇಲೆ ಬಿತ್ತು. ಗೋಡೆ ಕೆಡಹುವುದು ಸುಲಭ, ಮನೆ ಒದಗಿಸುವುದು ಕಷ್ಟ.

ನಮ್ಮ ದೇಶದಲ್ಲಿ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸಮಾಜದ ನಡುವೆ ಬದುಕುವ ಹಕ್ಕನ್ನು ಕೊಟ್ಟಿದೆ. ಮನೆಯವರಿಗೆ ಬೇಡವಾದರು ಎಂಬ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳಬಾರದು. ಆದರೆ ಗುಣಮುಖರಾಗಿ ಬಂದವರಿಗೆ ಬಾಡಿಗೆಗೆ ಕೋಣೆ, ಅಂಗಡಿಯಲ್ಲೊಂದು ಕೆಲಸ, ಮದುವೆ ಮನೆಯ ಪಂಕ್ತಿಯಲ್ಲೊಂದು ಜಾಗ ಕೊಡಬೇಕಾದವರು ನಾವೇ.

ಇಂಥ ವಠಾರವೊಂದು ಖಾಲಿಯಾದಾಗ ಅದರ ಸೆಂಟ್ಸಿಗೆ ಎಷ್ಟು ಬೆಲೆ ಎಂದು ಕೇಳುವವರು ಬಹಳ ಮಂದಿ. ಅಲ್ಲಿದ್ದವರು ಈಗ ಎಲ್ಲಿದ್ದಾರೆ ಎಂದು ಮೊದಲು ಕೇಳುವ ಊರಿಗೆ ಮಾತ್ರ ಅಲ್ಲಿ ತೋಟ ಮಾಡುವ ಯೋಗ್ಯತೆ ಇದೆ.