ಹಳೆಯ ಗಣಕಯಂತ್ರದಲ್ಲಿ ಹೊಸ ಉದ್ಯಮ: ತಂತ್ರಾಂಶ ತಯಾರಿಕೆಗೆ ಲಿನಕ್ಸ್ ಸಜ್ಜುಗೊಳಿಸುವ ಬಗೆ

2025ರ ಅಕ್ಟೋಬರ್ 14ರಂದು ವಿಂಡೋಸ್ 10 ಕಾರ್ಯಾಚರಣಾ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆಯು ನೀಡುತ್ತಿದ್ದ ಸಾಮಾನ್ಯ ಬೆಂಬಲವು ಕೊನೆಗೊಂಡಿತು. ವಿಂಡೋಸ್ 11 ಬಯಸುವ ಯಂತ್ರಾಂಶವು ಹಳೆಯ ಗಣಕಯಂತ್ರಗಳಲ್ಲಿ ಇಲ್ಲದಿರುವುದರಿಂದ, ಸದಸ್ಯ ಬಾಂಧವರ ಅಂಗಡಿ, ಕಚೇರಿಗಳಲ್ಲಿ ಇನ್ನೂ ಚೆನ್ನಾಗಿ ನಡೆಯುವ ಯಂತ್ರಗಳು ಮೂಲೆ ಸೇರುವ ಸ್ಥಿತಿ ಒದಗಿದೆ. ಇನ್ನೊಂದೆಡೆ, ಓದು ಮುಗಿಸಿದ ನಮ್ಮ ಮಕ್ಕಳಲ್ಲಿ ಕೆಲವರು ಬೆಂಗಳೂರಿನ ನೌಕರಿಗಿಂತ ಊರಿನಲ್ಲಿಯೇ ತಂತ್ರಾಂಶ ತಯಾರಿಕೆಯ ಸಣ್ಣ ಘಟಕವನ್ನು ನಡೆಸುವ ಆಲೋಚನೆಯಲ್ಲಿರುವುದುಂಟು. ಈ ಎರಡನ್ನೂ ಕೂಡಿಸಬಲ್ಲ ಸಾಧನ ಲಿನಕ್ಸ್. ಶಿರಸಿ ತಾಲ್ಲೂಕಿನ ಮತ್ತಿಘಟ್ಟದಂತಹ ಊರಿನಲ್ಲಿ ಅಂತಹ ಘಟಕವನ್ನು ತೆರೆಯುವವರು ಯಂತ್ರವನ್ನು ಹೇಗೆ ಸಜ್ಜುಗೊಳಿಸಬೇಕೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೊದಲಿಗೆ ಕಾನೂನಿನ ಮಾತು. ಪರವಾನಗಿಯಿಲ್ಲದ ನಕಲು ತಂತ್ರಾಂಶವನ್ನು ತಿಳಿದೂ ಬಳಸುವುದು 1957ರ ಕೃತಿಸ್ವಾಮ್ಯ ಅಧಿನಿಯಮದ 63ಬಿ ಪ್ರಕರಣದ ಪ್ರಕಾರ ಅಪರಾಧ. ಕನಿಷ್ಠ 7 ದಿನಗಳಿಂದ 3 ವರ್ಷಗಳವರೆಗೆ ಸೆರೆವಾಸ ಹಾಗೂ 50,000 ರೂಪಾಯಿಗಳಿಂದ 2 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ. ಹೊರಗಿನ ಗ್ರಾಹಕರಿಗೆ ಕೆಲಸ ಮಾಡಿಕೊಡುವ ಘಟಕವು ನಕಲು ಪ್ರತಿಯ ಮೇಲೆ ನಿಂತಿದ್ದರೆ ಒಪ್ಪಂದಕ್ಕೆ ಸಹಿ ಹಾಕುವಾಗಲೇ ತೊಡಕು ತಲೆದೋರುತ್ತದೆ. ಲಿನಕ್ಸ್‌ಗೆ ಇಂತಹ ಪರವಾನಗಿ ಶುಲ್ಕವಿಲ್ಲ. ವ್ಯಾಪಾರದ ಬಳಕೆಗೂ ನಿರ್ಬಂಧವಿಲ್ಲ. ಲಿನಕ್ಸ್‌ನಲ್ಲಿ ಕುಳಿತು ಬರೆದ ತಂತ್ರಾಂಶವನ್ನೆಲ್ಲ ಪುಕ್ಕಟೆ ಹಂಚಬೇಕಾಗುತ್ತದೆ ಎಂಬ ಶಂಕೆಯೂ ಸರಿಯಲ್ಲ. ಜಿಪಿಎಲ್ ಪರವಾನಗಿಯುಳ್ಳ ಬೇರೊಬ್ಬರ ಸಂಕೇತವನ್ನು ನಮ್ಮ ತಂತ್ರಾಂಶದೊಳಗೆ ಸೇರಿಸಿ ಗ್ರಾಹಕರಿಗೆ ಕೊಟ್ಟಾಗ ಮಾತ್ರ ಅದರ ಷರತ್ತುಗಳು ಅನ್ವಯಿಸುತ್ತವೆ.

ಆದರೆ ಎಲ್ಲ ಯಂತ್ರಗಳನ್ನೂ ಒಮ್ಮೆಲೇ ಬದಲಿಸುವ ಆತುರ ಬೇಡ. ಟ್ಯಾಲಿ ಲೆಕ್ಕಪತ್ರದ ತಂತ್ರಾಂಶವು ವಿಂಡೋಸ್‌ಗಾಗಿಯೇ ರಚಿತವಾದುದು. ಆ ಯಂತ್ರವನ್ನು ಹಾಗೆಯೇ ಇರಗೊಡುವುದು ಲೇಸು. ಲಿನಕ್ಸ್ ಕಲಿಯಲು ಕಠಿಣವೆಂಬ ಅಳುಕು ಮಾತ್ರ ಈಗ ಉಳಿಯಬೇಕಾಗಿಲ್ಲ. ನೆರೆಯ ಕೇರಳದ ಸರ್ಕಾರಿ ಶಾಲೆಗಳಲ್ಲಿ ಬಹುಕಾಲದಿಂದ ಮಕ್ಕಳು ಗಣಕ ಕಲಿಯುತ್ತಿರುವುದೇ ಲಿನಕ್ಸ್‌ನಲ್ಲಿ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲಿ ಸೇರಿದ್ದಾರೆ.

ಲಿನಕ್ಸ್‌ನ ಹಲವಾರು ವಿತರಣೆಗಳ ಪೈಕಿ ಈ ಲೇಖಕನ ಆಯ್ಕೆ ಡೆಬಿಯನ್. ಅದರ 13ನೆಯ ಆವೃತ್ತಿಯು 2025ರ ಆಗಸ್ಟ್‌ನಲ್ಲಿ ಬಿಡುಗಡೆಯಾಯಿತು. ಅದಕ್ಕೆ ಒಟ್ಟು ಐದು ವರ್ಷಗಳ ಸುರಕ್ಷತಾ ಬೆಂಬಲವನ್ನು ಯೋಜಿಸಲಾಗಿದೆ. ತೀರಾ ಹಳೆಯ 32 ಬಿಟ್ ಯಂತ್ರಗಳಿಗೆ ಇದರಲ್ಲಿ ಅನುಸ್ಥಾಪಕವಿಲ್ಲವೆಂಬುದನ್ನು ಗಮನಿಸಬೇಕು. ಡೆಸ್ಕ್‌ಟಾಪ್ ಆಗಿ ಎಕ್ಸ್‌ಎಫ್‌ಸಿಇ ಹಗುರವಾದುದು. ಸ್ಮೃತಿ 4 ಜಿಬಿ ಇದ್ದರೂ ಅದು ನಡೆಯುತ್ತದೆ, ಆದರೆ ಬ್ರೌಸರ್ ಹಾಗೂ ಸಂಪಾದಕವನ್ನು ಜೊತೆಯಾಗಿ ತೆರೆದಿಡುವವರಿಗೆ 8 ಜಿಬಿ ಅವಶ್ಯ. ಹಳೆಯ ತಿರುಗುವ ಡಿಸ್ಕನ್ನು ತೆಗೆದು ಎಸ್‌ಎಸ್‌ಡಿ ಹಾಕಿಸುವುದಕ್ಕೆ ಮಾಡುವ ಖರ್ಚು ಬೇರಾವ ಖರ್ಚಿಗಿಂತಲೂ ಹೆಚ್ಚು ಫಲ ಕೊಡುತ್ತದೆ.

ಅನುಸ್ಥಾಪನೆಯ ಸಂದರ್ಭದಲ್ಲಿ ಎರಡು ಸಂಗತಿಗಳನ್ನು ಮರೆಯಬಾರದು. ವ್ಯವಸ್ಥೆಗೆ ಒಂದು ವಿಭಾಗ, ನಮ್ಮ ಕಡತಗಳಿರುವ ‘ಹೋಮ್’ಗೆ ಬೇರೆಯೇ ವಿಭಾಗವಿರಲಿ, ವ್ಯವಸ್ಥೆಯನ್ನು ಪುನಃ ಹಾಕಬೇಕಾಗಿ ಬಂದರೂ ಕಡತಗಳಿಗೆ ಧಕ್ಕೆಯಾಗುವುದಿಲ್ಲ. ಗ್ರಾಹಕರ ದತ್ತಾಂಶವಿರುವಲ್ಲಿ ಡಿಸ್ಕಿನ ಗೂಢಲಿಪೀಕರಣವನ್ನೂ ಆಗಲೇ ಆರಿಸಿಕೊಳ್ಳಬೇಕು. ಅಂತರಜಾಲ ಮಂದವಾಗಿರುವೆಡೆ ಡೆಬಿಯನ್‌ನ ಡಿವಿಡಿ ಪ್ರತಿಯನ್ನು ಪೇಟೆಯಲ್ಲಿಯೇ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ಒಯ್ಯಬಹುದು. ಘಟಕದಲ್ಲಿ ಮೂರು ನಾಲ್ಕು ಯಂತ್ರಗಳಿದ್ದರೆ ‘ಆಪ್ಟ್ ಕ್ಯಾಷರ್’ ಎಂಬ ಸೇವೆಯನ್ನು ಒಂದರಲ್ಲಿ ಸ್ಥಾಪಿಸಿದಲ್ಲಿ, ಪ್ರತಿಯೊಂದು ನವೀಕರಣವೂ ಒಮ್ಮೆ ಮಾತ್ರ ಹೊರಗಿನಿಂದ ಇಳಿದು, ಉಳಿದ ಯಂತ್ರಗಳಿಗೆ ಒಳಗಿನಿಂದಲೇ ದೊರೆಯುತ್ತದೆ.

ಸಂಕಲಕ, ಗಿಟ್, ಪೈಥಾನ್ 3.13, ಪೋಸ್ಟ್‌ಗ್ರೆಸ್ 17 ದತ್ತಸಂಚಯ ಮುಂತಾದವೆಲ್ಲ ಡೆಬಿಯನ್‌ನ ಭಂಡಾರದಲ್ಲಿಯೇ ಇವೆ. ಹೊಸಬರು ಎಡವುವುದು ಪೈಥಾನ್ ಗ್ರಂಥಾಲಯಗಳಲ್ಲಿ. ಅವುಗಳನ್ನು ಪಿಪ್ ಮೂಲಕ ನೇರವಾಗಿ ವ್ಯವಸ್ಥೆಗೇ ಸೇರಿಸಲು ಹೋದರೆ ಡೆಬಿಯನ್ ತಡೆಯುತ್ತದೆ. ಇದು ದೋಷವಲ್ಲ, ವ್ಯವಸ್ಥೆಯ ಸ್ವಂತ ಗ್ರಂಥಾಲಯಗಳು ಕೆಡದಿರಲೆಂದು ಮಾಡಿದ ಏರ್ಪಾಡು. ಪ್ರತಿ ಯೋಜನೆಗೂ ‘ವೆನ್ವ್’ ಎಂಬ ಪ್ರತ್ಯೇಕ ಆವರಣವನ್ನು ರಚಿಸಿಕೊಂಡರೆ ಒಬ್ಬ ಗ್ರಾಹಕರ ಕೆಲಸ ಇನ್ನೊಬ್ಬರದನ್ನು ಕೆಡಿಸದು.

ನಮ್ಮ ಸೀಮೆಯ ಘಟಕಕ್ಕೆ ಕನ್ನಡದ ಸಿದ್ಧತೆಯೇ ವಿಶೇಷ ಬಂಡವಾಳ. ಐಬಸ್ ಹಾಗೂ ಅದರ ಎಂ17ಎನ್ ಘಟಕವನ್ನು ಸೇರಿಸಿದರೆ, ನುಡಿ ಬಳಸಿದವರಿಗೆ ಪರಿಚಿತವಾದ ಕನ್ನಡ ಗಣಕ ಪರಿಷತ್ತಿನ ಕೀಲಿಮಣೆ ವಿನ್ಯಾಸವು ಲಭಿಸುತ್ತದೆ. ಗುಬ್ಬಿ, ನವಿಲು ಅಕ್ಷರಶೈಲಿಗಳೂ ಭಂಡಾರದಲ್ಲಿವೆ. ಇಲ್ಲಿ ಒಂದು ಪರೀಕ್ಷೆಯನ್ನು ಮೊದಲ ದಿನವೇ ಮಾಡಿ ನೋಡಬೇಕು. ಅಡಿಕೆ ಮಂಡಿಯ ಬಿಲ್ಲಿನ ತಂತ್ರಾಂಶವೊಂದರಲ್ಲಿ ‘ಬೆಟ್ಟೆ’ ಎಂದು ಬರೆಯಿರಿ. ಕಣ್ಣಿಗೆ ಎರಡೇ ಅಕ್ಷರ. ಯೂನಿಕೋಡ್‌ನಲ್ಲಿ ಅದು ಆರು ಸಂಕೇತಗಳು, ಯುಟಿಎಫ್-8 ರೂಪದಲ್ಲಿ 18 ಬೈಟುಗಳು. ‘ರಾಶಿ’ಯೂ ಎರಡೇ ಅಕ್ಷರ, ಆದರೆ ನಾಲ್ಕು ಸಂಕೇತ, 12 ಬೈಟು. ಇಂಗ್ಲಿಷಿನ ಲೆಕ್ಕದಲ್ಲಿ ಹತ್ತು ಬೈಟುಗಳ ಸ್ಥಳ ಮೀಸಲಿಟ್ಟ ತಂತ್ರಾಂಶವು ಎರಡು ಹೆಸರುಗಳನ್ನೂ ನಡುವೆಯೇ ಕತ್ತರಿಸುತ್ತದೆ, ಬಿಲ್ಲಿನ ಸಾಲುಗಳೂ ಓರೆಯಾಗುತ್ತವೆ. ಅನೇಕ ಟರ್ಮಿನಲ್‌ಗಳಲ್ಲಿ ಒತ್ತಕ್ಷರವು ಕೂಡಿಕೊಳ್ಳದೆ ಬಿಡಿಬಿಡಿಯಾಗಿ ಕಾಣುವುದೂ ಉಂಟು. ಅದು ಟರ್ಮಿನಲ್‌ನ ಮಿತಿ, ದತ್ತಾಂಶ ಕೆಟ್ಟಿದೆಯೆಂದು ಗಾಬರಿಯಾಗದೆ ಸಂಪಾದಕದಲ್ಲಿ ತೆರೆದು ನೋಡಬೇಕು. ಹಳೆಯ ನುಡಿ, ಬರಹ ಅಕ್ಷರಶೈಲಿಗಳಲ್ಲಿರುವ ಸಂಘ ಸಂಸ್ಥೆಗಳ ಸದಸ್ಯಪಟ್ಟಿಗಳನ್ನು ಯೂನಿಕೋಡ್‌ಗೆ ಪರಿವರ್ತಿಸುವುದೇ ಒಂದು ಕೆಲಸವಾಗಬಲ್ಲದು. ದೂರದ ಕಂಪನಿಗಳಿಗೆ ಈ ಸೂಕ್ಷ್ಮಗಳು ತಿಳಿದಿರುವುದು ಅಪರೂಪ.

ಇನ್ನು ದುರಸ್ತಿಯ ವಿಷಯ. ಪೇಟೆಯಲ್ಲಾದರೆ ಯಂತ್ರ ಕೆಟ್ಟ ಮರುದಿನ ಮೆಕ್ಯಾನಿಕ್ ಬಂದಾನು. ಮೇ ತಿಂಗಳ ಸಿಡಿಲಿಗೆ ಘಟ್ಟದ ಮನೆಯೊಂದರ ಯಂತ್ರ ಸುಟ್ಟಿತೆಂದು ಭಾವಿಸೋಣ. ಒಪ್ಪಿಸಬೇಕಾದ ಕೆಲಸದ ಗಡುವು ಮಾತ್ರ ಕಾಯುವುದಿಲ್ಲ. ಆದುದರಿಂದ ಯಂತ್ರಕ್ಕಿಂತ ಅದನ್ನು ಸಜ್ಜುಗೊಳಿಸಿದ ಕ್ರಮವನ್ನು ಕಾಪಾಡುವುದು ಮುಖ್ಯ. ನಾವಾಗಿ ಸೇರಿಸಿದ ತಂತ್ರಾಂಶಗಳ ಪಟ್ಟಿಯನ್ನು ‘ಆಪ್ಟ್‌ಮಾರ್ಕ್’ ಆದೇಶವು ಒಂದು ಕಡತವಾಗಿ ಕೊಡುತ್ತದೆ. ಆ ಪಟ್ಟಿ, ಕೀಲಿಮಣೆ ಹಾಗೂ ಸಂಪಾದಕದ ಹೊಂದಿಕೆಯ ಕಡತಗಳು, ಇವಿಷ್ಟನ್ನೂ ಗಿಟ್‌ನಲ್ಲಿರಿಸಿ ಒಂದು ಪ್ರತಿಯನ್ನು ಬಾಹ್ಯ ಡಿಸ್ಕಿನಲ್ಲಿಯೂ ಇನ್ನೊಂದನ್ನು ಊರ ಹೊರಗಿನ ಸರ್ವರ್‌ನಲ್ಲಿಯೂ ಇಡಬೇಕು. ಗುಪ್ತಪದಗಳನ್ನು ಮಾತ್ರ ಅದರೊಳಗೆ ಸೇರಿಸಲೇಬಾರದು. ಬಾಹ್ಯ ಡಿಸ್ಕನ್ನು ಸದಾ ಯಂತ್ರಕ್ಕೆ ಸಿಕ್ಕಿಸಿಟ್ಟರೆ ಸಿಡಿಲು ಎರಡನ್ನೂ ಒಟ್ಟಿಗೇ ಕೊಂಡೊಯ್ಯುತ್ತದೆ; ಪ್ರತಿ ತೆಗೆದ ಕೂಡಲೇ ಕಳಚಿ ಕಪಾಟಿನಲ್ಲಿಡುವುದು ಕ್ರಮ.

ಈ ಏರ್ಪಾಡು ನಿಜವಾಗಿಯೂ ಕೆಲಸ ಮಾಡುತ್ತದೆಯೇ ಎಂಬುದನ್ನು ಅಡಚಣೆ ಬರುವ ಮುನ್ನವೇ ತಿಳಿಯಬೇಕು. ಬೇಸಗೆಯಲ್ಲಿ ಬಿಡುವಾದ ಒಂದು ದಿನ, ಮೂಲೆಯಲ್ಲಿರುವ ಇನ್ನೊಂದು ಹಳೆಯ ಯಂತ್ರವನ್ನು ತೆಗೆದು, ಪೆನ್‌ಡ್ರೈವ್ ಹಾಗೂ ಪ್ರತಿಯ ಡಿಸ್ಕಿನಿಂದಲೇ ಎಲ್ಲವನ್ನೂ ಪುನಃ ಸ್ಥಾಪಿಸಿ, ಎಷ್ಟು ಗಂಟೆ ಹಿಡಿಯಿತೆಂದು ಬರೆದಿಡಿ. ಪಟ್ಟಿಯಲ್ಲಿ ಬಿಟ್ಟುಹೋದ ಹೆಸರುಗಳು ಆಗಲೇ ಗೊತ್ತಾಗುತ್ತವೆ.